ಒಸಾಕದಿಂದ ತಂದ ಸಾಣೆಕಲ್ಲು

ನ್ಯೂಜೆರ್ಸಿಯಲ್ಲಿ ಮನೆ ಮಾಡಿದವರಿಗೆ ಒಂದು ಖಾಯಂ ಚಾಕರಿ ಇದೆ. ಊರಿಂದ ಯಾರೇ ಬರಲಿ, ಅವರನ್ನು ನ್ಯೂಯಾರ್ಕಿನ ಯಾವುದಾದರೊಂದು ಎತ್ತರದ ಕಟ್ಟಡದ ನೆತ್ತಿಗೆ ಹತ್ತಿಸಿ ಇಳಿಸಿಕೊಂಡು ಬರಬೇಕು. ಈ ಇಪ್ಪತ್ತೆರಡು ವರ್ಷಗಳಲ್ಲಿ ನಾವು ಎಷ್ಟು ಸಲ ಹತ್ತಿದ್ದೇವೋ ದೇವರಿಗೇ ಗೊತ್ತು. ಲಿಫ್ಟಿನಲ್ಲಿ ಯಾವಾಗ ಕಿವಿ ಮುಚ್ಚಿಕೊಳ್ಳುತ್ತದೆ, ಮೇಲೆ ಫೋಟೋ ತೆಗೆಯುವವರಿಂದ ಹೇಗೆ ತಪ್ಪಿಸಿಕೊಳ್ಳಬೇಕು, ಯಾವ ಮೂಲೆಯಲ್ಲಿ ನೂಕುನುಗ್ಗಲು ಕಡಿಮೆ, ಎಲ್ಲ ನನಗೆ ಬಾಯಿಪಾಠ.

ಮೊನ್ನೆ ಅಕ್ಟೋಬರಿನಲ್ಲಿ ನನ್ನ ಚಿಕ್ಕಮ್ಮನ ಮಗಳು ಮಾಲಿನಿ ಗಂಡನ ಜೊತೆ ಮೈಸೂರಿನಿಂದ ಬಂದಿದ್ದಳು. ಅವರನ್ನೂ ಹತ್ತಿಸಿದೆವು. ಮಾಲಿನಿ ಗಾಜಿಗೆ ಅಂಟಿಕೊಂಡುಬಿಟ್ಟಳು.

"ಅಕ್ಕಾ, ನಿಮ್ಮ ಮಾನ್ಮತ್ ಜಂಕ್ಷನ್ ಯಾವ ಕಡೆ ಬರತ್ತೆ?"

ನನಗೆ ದಿಕ್ಕು ತಿಳಿಯುವುದಿಲ್ಲ. ನಮ್ಮ ಮನೆಯವರನ್ನು ಕೇಳೋಣವೆಂದು ತಿರುಗಿದೆ. ನಾಗರಾಜ ಗಾಜಿಗೆ ಬೆನ್ನು ಹಾಕಿ, ನಮ್ಮೆಲ್ಲರ ಜಾಕೆಟ್‌ಗಳನ್ನು ತೊಡೆಯ ಮೇಲೆ ಪೇರಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಫೋನು ಕೂಡ ನೋಡುತ್ತಿರಲಿಲ್ಲ. ಸುಮ್ಮನೆ ಕೂತಿದ್ದರು.

"ಬನ್ನಿ ರೀ, ತೋರಿಸಿ ಇವಳಿಗೆ," ಎಂದೆ.

"ನಾನು ನೋಡಿದೀನಲ್ಲ. ನೀವು ನೋಡಿ," ಎಂದರು.

ಅಂಥ ದೊಡ್ಡ ಮಾತೇನಲ್ಲ ಅದು. ಆದರೂ ಅಲ್ಲಿಂದ ಕೆಳಗಿಳಿಯುವವರೆಗೆ ನನ್ನ ಕಣ್ಣಿಗೆ ಹಡ್ಸನ್ ನದಿಯೂ ಬೀಳಲಿಲ್ಲ, ಸೇತುವೆಗಳೂ ಬೀಳಲಿಲ್ಲ. ಇದೇ ಮನುಷ್ಯ ನಾಲ್ಕು ವರ್ಷದ ಹಿಂದೆ ಇನ್ನೊಂದು ದೇಶದ ಇನ್ನೊಂದು ಕಟ್ಟಡದ ಅರವತ್ತನೆಯ ಮಹಡಿಯಲ್ಲಿ, ಗಾಜಿಗೆ ಹಣೆ ಒತ್ತಿ, ಉಸಿರಿನ ಮಬ್ಬನ್ನು ತೋಳಿನಿಂದ ಒರೆಸಿ ಒರೆಸಿ ಕೆಳಗೆ ನೋಡಿದ್ದರು. ಅಲ್ಲಿಂದ ಈ ಬೆಂಚಿಗೆ ಬರಲು ಅವರಿಗೆ ಒಂದು ತಿಂಗಳು ಸಾಕಾಗಿತ್ತು. ಅವರನ್ನು ತಂದು ಕೂರಿಸಿದವಳು ನಾನು.

ನಾನು ಔಷಧಿ ಕಂಪನಿಯೊಂದರಲ್ಲಿ ಪ್ಯಾಕೇಜಿಂಗ್ ಎಂಜಿನಿಯರ್. ಮಾತ್ರೆಗಳನ್ನು ಹಾಳೆಗೆ ಕೂರಿಸಿ ಮೊಹರು ಮಾಡುವ ಯಂತ್ರವೊಂದನ್ನು ಆ ವರ್ಷ ನಮ್ಮವರು ಒಸಾಕದಲ್ಲಿ ಮಾಡಿಸುತ್ತಿದ್ದರು. ಹಡಗು ಹತ್ತಿಸುವ ಮೊದಲು ಯಂತ್ರ ಸರಿಯಾಗಿ ಓಡುತ್ತದೆಯೇ ಎಂದು ಅಲ್ಲೇ ನಿಂತು ಪರೀಕ್ಷೆ ಮಾಡಬೇಕು. ಸೆಪ್ಟೆಂಬರಿನಿಂದ ಎರಡು ತಿಂಗಳು ನನ್ನನ್ನು ಕಳಿಸಿದರು. ನಾಗರಾಜ ಹದಿನೇಳು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ಕಡೆ ಅದೇ ಜೂನ್‌ನಲ್ಲಿ ಲೇಆಫ್ ಆಗಿತ್ತು. ಮಗಳು ಕಾಲೇಜಿನ ಹಾಸ್ಟೆಲಿಗೆ ಹೋಗಿದ್ದಳು. ಐವತ್ತೆರಡು ವಯಸ್ಸಿನ ಗಂಡಸು ಖಾಲಿ ಮನೆಯಲ್ಲಿ ಒಬ್ಬರೇ ಕೂತು ಕೆಲಸದ ಲಿಂಕುಗಳನ್ನು ಕ್ಲಿಕ್ ಮಾಡುತ್ತಾ ಇರುವುದು ನನಗೆ ಬೇಡವಾಗಿತ್ತು. "ಜೊತೆಗೆ ಬನ್ನಿ, ಅಪ್ಲಿಕೇಶನ್ ಅಲ್ಲಿಂದಲೂ ಹಾಕಬಹುದು," ಎಂದು ಎಳೆದುಕೊಂಡು ಹೋದೆ.

ಒಸಾಕದ ಸೆಪ್ಟೆಂಬರ್ ಅಂದರೆ ನಮ್ಮ ಮಂಗಳೂರಿನ ಮೇ ತಿಂಗಳು. ಬೆಳಿಗ್ಗೆ ಏಳಕ್ಕೇ ಬೆವರು ಇಳಿಯುತ್ತಿತ್ತು. ಆ ಬಿಸಿಲಿಗೆ ಹೆದರಿಯೇ ಇರಬೇಕು, ಆ ಊರಿನವರು ಬೀದಿಗೆ ಬೀದಿಯನ್ನೇ ಛಾವಣಿಯ ಕೆಳಗೆ ತಂದಿದ್ದಾರೆ. ಶಿನ್‌ಸಾಯ್‌ಬಾಶಿಯ ಅಂಗಡಿ ಸಾಲಿನಲ್ಲಿ ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿ ಮುಟ್ಟುವವರೆಗೆ ತಲೆಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಶನಿವಾರ ಬಂತೆಂದರೆ ನಾನು ಅಲ್ಲಿ ಹಾಜರು. ಛತ್ರಿ, ಕಾಲುಚೀಲ, ಹಸಿರು ಚಹಾದ ಡಬ್ಬಿ, ಬೆಕ್ಕಿನ ಮುಖದ ಬೊಂಬೆ, ನಮ್ಮ ಪಕ್ಕದ ಕೆಂಡಲ್ ಪಾರ್ಕಿನ ಅರ್ಧ ಊರಿಗೆ ಆಗುವಷ್ಟು ಕೊಂಡೆ. ನಾಗರಾಜ ಮೊದಲೆರಡು ವಾರ ಚೀಲ ಹೊತ್ತುಕೊಂಡು ಹಿಂದೆ ಬಂದರು. ಮೂರನೆಯ ವಾರ, "ನೀನು ಹೋಗು, ನಾನು ಸಂಜೆ ಆ ತುದೀಲಿರೋ ಸೇತುವೆ ಹತ್ರ ಸಿಗ್ತೀನಿ," ಎಂದರು.

ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಒಬ್ಬಳೇ ಅಂಗಡಿ ಸುತ್ತುವುದು ನನಗೂ ಹಾಯೆನಿಸಿತ್ತು.

ಅವರು ಹೋಗುತ್ತಿದ್ದದ್ದು ಅಡುಗೆ ಸಾಮಾನಿನ ಬೀದಿಗೆ. ಹೋಟೆಲಿನವರು ಬಾಣಲೆ, ಜರಡಿ, ಬಾಗಿಲಿಗೆ ತೂಗಿಸುವ ಲಾಟೀನು, ಗಿರಾಕಿಗಳಿಗೆ ಮಾದರಿ ತೋರಿಸಲು ಇಡುವ ಮೇಣದ ಮೀನು ಎಲ್ಲ ಕೊಳ್ಳುವ ಜಾಗ ಅದು. ಅಲ್ಲೊಂದು ಚಾಕುವಿನ ಅಂಗಡಿ. ಮುಂದಿನ ಕಟ್ಟೆಯ ಮೇಲೆ ಕೂತು ಸಾಣೆ ಹಿಡಿಯುತ್ತಿದ್ದವಳು ಅರವತ್ತರ ಆಸುಪಾಸಿನ ಹೆಂಗಸು, ಹೆಸರು ಕಾಜುಕೊ. ನಾಗರಾಜ ಮೂರು ದಿನ ಎದುರಿಗೆ ನಿಂತು ನೋಡಿದರಂತೆ. ನಾಲ್ಕನೆಯ ದಿನ ಆಕೆ ಒಂದು ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, ಒಂದು ಹಳೇ ಚಾಕು ಕೈಗಿಟ್ಟಳಂತೆ. ಆಕೆಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನೀಸ್ ಬಾರದು. ಫೋನು ಅನುವಾದ ಮಾಡಿಕೊಡುತ್ತಿತ್ತು, ಅದೂ ಅರ್ಧಂಬರ್ಧ. ಅದಕ್ಕಿಂತ ಹೆಚ್ಚಾಗಿ ಆಕೆ ಇವರ ಮಣಿಕಟ್ಟು ಹಿಡಿದು ತಿರುಗಿಸಿ ಕಲಿಸುತ್ತಿದ್ದಳು.

ನನಗಿದು ಗೊತ್ತಾದದ್ದು ವಾಸನೆಯಿಂದ. ಒಂದು ಸಂಜೆ ನಾನು ಮನೆಗೆ ಬಂದಾಗ ಅವರ ಕೈಯಿಂದ ಒದ್ದೆ ಕಲ್ಲಿನ, ಕಬ್ಬಿಣದ ವಾಸನೆ ಬರುತ್ತಿತ್ತು. ಉಗುರಿನ ಸಂದಿಯಲ್ಲೆಲ್ಲ ಬೂದು ಕೆಸರು.

"ಏನ್ರೀ ಇದು, ಮಣ್ಣಾಡಿಕೊಂಡು ಬಂದ್ರಾ?"

"ಕೂತ್ಕೋ, ಒಂದು ತೋರಿಸ್ತೀನಿ," ಎಂದು ಸರ್ವಿಸ್ ಅಪಾರ್ಟ್‌ಮೆಂಟಿನ ದರಿದ್ರ ಚಾಕು ತೆಗೆದರು. ಅದರಲ್ಲಿ ನಾನು ಟೊಮೆಟೊ ಕೊಯ್ಯುತ್ತಿರಲಿಲ್ಲ, ಜಜ್ಜುತ್ತಿದ್ದೆ. ಅವರು ಟೊಮೆಟೊ ಮೇಲೆ ಚಾಕು ಇಟ್ಟು, ಒತ್ತದೆ, ಸುಮ್ಮನೆ ಎಳೆದರು. ಹಾಳೆಯಂಥ ಒಂದು ಬಿಲ್ಲೆ ಪಕ್ಕಕ್ಕೆ ಬಿತ್ತು. ಅದನ್ನು ಎತ್ತಿ ದೀಪಕ್ಕೆ ಹಿಡಿದು ನನಗೆ ತೋರಿಸಿದಾಗ ಅವರ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಮಗಳು ಹುಟ್ಟಿದ ದಿನ ಬಿಟ್ಟರೆ ಅವತ್ತೇ ನೋಡಿದ್ದು.

ಆಮೇಲೆ ಊಟಕ್ಕೆ ಕೂತರೆ ಅದೇ ಮಾತು. ಕಲ್ಲನ್ನು ನೀರಿನಲ್ಲಿ ನೆನೆಸಬೇಕು, ಗುಳ್ಳೆ ಏಳುವುದು ನಿಂತ ಮೇಲೆ ತೆಗೆಯಬೇಕು. ಮೇಲೆ ಬರುವ ಕೆಸರನ್ನು ತೊಳೆಯಬಾರದು, ಹರಿತ ಮಾಡುವುದೇ ಆ ಕೆಸರು. ನಮ್ಮ ಮನೆಯ ಈಳಿಗೆ ಮಣೆಯ ಫೋಟೋವನ್ನು ಫೋನಿನಲ್ಲಿ ತೋರಿಸಿದಾಗ ಕಾಜುಕೊ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕೂಗಿ ಕರೆದಳಂತೆ. ಚಾಕು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ, ಹೆಂಗಸು ನೆಲದ ಮೇಲೆ ಕೂತಿರುತ್ತಾಳೆ ಎಂದು ಇವರು ಅಭಿನಯ ಮಾಡಿ ತೋರಿಸಿದರೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಬಾಗಿದ ಅಲಗಿಗೆ ಕಲ್ಲನ್ನೇ ಓಡಿಸಬೇಕೆಂದು ಹೇಳಿ, ಕುಡುಗೋಲೊಂದನ್ನು ತಂದು ಅಭ್ಯಾಸ ಮಾಡಿಸಿದಳಂತೆ.

ಅಕ್ಟೋಬರ್ ಕೊನೆಯಲ್ಲಿ ಯಂತ್ರ ಪಾಸಾಯಿತು. ಹೊರಡುವ ಹಿಂದಿನ ಶನಿವಾರ, "ಇಷ್ಟು ದಿನ ಇದ್ದು ಮೇಲಿನಿಂದ ಊರು ನೋಡಲಿಲ್ಲ ಅಂದ್ರೆ ಮಾಲಿನಿ ಬೈತಾಳೆ," ಎಂದು ನಾನೇ ಟೆನ್ನೋಜಿಯ ಗಗನಚುಂಬಿಗೆ ಟಿಕೆಟ್ ತೆಗೆದೆ. ಸೂರ್ಯ ಮುಳುಗುವ ಹೊತ್ತು. ಒಂದು ಕಡೆ ಕೊಲ್ಲಿಯ ನೀರು ತಾಮ್ರದ ತಟ್ಟೆಯಂತೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ಬೆಟ್ಟದ ಸಾಲು ಮಸುಕಾಗುತ್ತಿತ್ತು. ಕೆಳಗೆ ಒಂದೊಂದೇ ದೀಪ. ನಾನು ಮಾಮೂಲಿನಂತೆ ಫೋಟೋಗೆ ಒಳ್ಳೆಯ ಮೂಲೆ ಹುಡುಕುತ್ತಿದ್ದೆ. ಅವರು ಉತ್ತರದ ಗಾಜಿಗೆ ಹಣೆ ಒತ್ತಿ ನಿಂತಿದ್ದರು.

"ವಿಜಿ, ಬಾ ಇಲ್ಲಿ. ಅಗೋ ಆ ಉದ್ದ ಛಾವಣಿ ಕಾಣುತ್ತಲ್ಲ, ಅದರ ಪಕ್ಕದ ಗಲ್ಲಿ. ಅಲ್ಲೇ ಇರಬೇಕು ಅಂಗಡಿ."

"ನನಗೇನೂ ಕಾಣಿಸ್ತಿಲ್ಲಪ್ಪ."

"ನನಗೆ ಕಾಣುತ್ತೆ," ಎಂದರು. ನನ್ನ ಕಡೆ ನೋಡದೆಯೇ ಮಾತಾಡಿದರು. "ಒಂದು ಕೇಳ್ತೀನಿ, ತಕ್ಷಣ ಬೇಡ ಅನ್ನಬೇಡ. ನ್ಯೂಜೆರ್ಸೀಲಿ ನಮ್ಮವರು ಒಬ್ಬೊಬ್ಬರ ಮನೇಲೂ ಈಳಿಗೆ ಮಣೆ ಇದೆ. ಎಲ್ಲ ಮೊಂಡು. ನೀನೇ ಎರಡು ವರ್ಷಕ್ಕೊಂದ್ಸಲ ಸೂಟ್‌ಕೇಸಲ್ಲಿ ಇಟ್ಕೊಂಡು ಮೈಸೂರಿಗೆ ಹೋಗಿ ಸಾಣೆ ಹಿಡಿಸ್ಕೊಂಡು ಬರ್ತೀಯ. ಅಲ್ಲಿ ಗ್ಯಾರೇಜಲ್ಲಿ ಒಂದು ಮೇಜು ಹಾಕ್ತೀನಿ. ಶನಿವಾರ ಫಾರ್ಮರ್ಸ್ ಮಾರ್ಕೆಟ್ಟಲ್ಲಿ ಕೂರ್ತೀನಿ. ಚಾಕು, ಕತ್ತರಿ, ಈಳಿಗೆ, ಏನು ಬಂದ್ರೂ. ಒಂದು ವರ್ಷ ಟೈಮ್ ಕೊಡು ನನಗೆ. ಆಗ್ಲಿಲ್ಲ ಅಂದ್ರೆ ಮತ್ತೆ ಕೋಡಿಂಗ್ ಇದ್ದೇ ಇದೆ."

ಒಂದು ವರ್ಷ ನನ್ನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಕೇಳಿದ್ದು ದುಡ್ಡನ್ನಲ್ಲ. ತಲೆ ಎತ್ತಿಕೊಂಡು ಆ ಕೆಲಸ ಮಾಡಲು ನನ್ನ ಒಪ್ಪಿಗೆ ಕೇಳಿದ್ದರು. ನನ್ನ ತಲೆಯಲ್ಲಿ ಆಗ ಬಂದದ್ದು ಒಂದೇ ಚಿತ್ರ. ಮೈಸೂರಿನ ನಮ್ಮ ಬೀದಿಯಲ್ಲಿ ಸೈಕಲ್ಲಿಗೆ ಸಾಣೆಯ ಚಕ್ರ ಕಟ್ಟಿಕೊಂಡು, ಕಿಡಿ ಹಾರಿಸುತ್ತಾ, "ಸಾಣೇ... ಕತ್ತಿ ಚೂರಿ ಸಾಣೇ..." ಎಂದು ಕೂಗುತ್ತಾ ಬರುತ್ತಿದ್ದವನು. ಅವನಿಗೆ ನಮ್ಮಮ್ಮ ಗೇಟಿನ ಆಚೆಗೇ ನೀರು ಕೊಡುತ್ತಿದ್ದರು. ಎಂ.ಟೆಕ್ ಓದಿದ ನನ್ನ ಗಂಡ ಅವನ ಜಾಗದಲ್ಲಿ. ನನಗೆ ನಾಚಿಕೆಯಾಯಿತು. ಈಗ ನೆನೆಸಿಕೊಂಡರೆ ಆ ನಾಚಿಕೆಗೇ ನಾಚಿಕೆಯಾಗುತ್ತದೆ.

"ಮೊದಲು ಮನೆಗೆ ಹೋಗೋಣ ರೀ. ಈಗ ಬೆಳಕು ಚೆನ್ನಾಗಿದೆ, ಒಂದು ಸೆಲ್ಫಿ," ಎಂದೆ.

ಆ ಸೆಲ್ಫಿ ಇನ್ನೂ ನನ್ನ ಫೋನಿನಲ್ಲಿದೆ. ನಾನು ಹಲ್ಲು ಬಿಟ್ಟಿದ್ದೇನೆ. ಅವರ ಹಣೆಯ ಮೇಲೆ ಗಾಜು ಒತ್ತಿದ ಕೆಂಪು ಗುರುತಿದೆ.

ಕೊನೆಯ ದಿನ ಕಾಜುಕೊ ನಮ್ಮ ಮನೆಯವರಿಗೆ ಒಂದು ಸಾಣೆಕಲ್ಲು ಕೊಟ್ಟಳು. ಇಟ್ಟಿಗೆಗಿಂತ ಸ್ವಲ್ಪ ಸಣ್ಣದು, ಜೇನಿನ ಬಣ್ಣ. ನೀಲಿ ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಟ್ಟಳು, ಇವರು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಆಕೆ ನನ್ನ ಕಡೆ ತಿರುಗಿ ಫೋನಿಗೆ ಏನೋ ಹೇಳಿದಳು. "ನಿಮ್ಮ ಗಂಡನ ಕೈಗೆ ತಾಳ್ಮೆ ಇದೆ," ಎಂದು ಫೋನು ಹೇಳಿತು.

ನ್ಯೂಜೆರ್ಸಿಗೆ ಬಂದ ವಾರದಲ್ಲೇ ಅವರು ನನ್ನ ಈಳಿಗೆಗೆ ಸಾಣೆ ಹಿಡಿದರು. ಬೀನ್ಸ್ ಹೆಚ್ಚುವಾಗ ಸದ್ದೇ ಬರುತ್ತಿರಲಿಲ್ಲ. ಕೆಂಡಲ್ ಪಾರ್ಕಿನ ಸರೋಜಾ ಆಂಟಿ ಹೇಗೋ ಸುದ್ದಿ ತಿಳಿದು, ತಮ್ಮ ತವರಿನಿಂದ ತಂದ ಈಳಿಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಮಾರನೆಯ ದಿನ ಅವರಿಂದ ಒಂದು ಡಬ್ಬಿ ಎಲೆಕೋಸಿನ ಪಲ್ಯ ಬಂತು, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ್ದು. ಮಗಳು ಫೋನಿನಲ್ಲಿ, "ಅಪ್ಪಾ, ದಟ್ಸ್ ಸೋ ಕೂಲ್! ಐ ವಿಲ್ ಮೇಕ್ ಯುವರ್ ವೆಬ್‌ಸೈಟ್," ಎಂದಳು. ಅವರು ಗ್ಯಾರೇಜಿನಲ್ಲಿ ಮೇಜಿಗೆ ಜಾಗ ಅಳೆಯುತ್ತಿದ್ದರು. ಬೇಕು ಅಥವಾ ಬೇಡ ಎಂದು ನಾನು ಇನ್ನೂ ಒಂದು ಮಾತೂ ಹೇಳಿರಲಿಲ್ಲ.

ದೀಪಾವಳಿಯ ಭಾನುವಾರ ಮನ್ರೋದಲ್ಲಿ ನನ್ನ ಗೆಳತಿ ಶೈಲಾಳ ಹೊಸ ಮನೆಯಲ್ಲಿ ಮಧ್ಯಾಹ್ನದ ಊಟ. ನಮ್ಮ ಗುಂಪಿನ ಏಳೆಂಟು ಕುಟುಂಬಗಳು. ನಾನು ಮಾತುಗಾತಿ ಎಂದು ಆ ಗುಂಪಿನಲ್ಲಿ ಹೆಸರು. ನಾನು ಬಂದರೆ ನಗು ಗ್ಯಾರಂಟಿ ಎನ್ನುತ್ತಾರೆ, ನನಗೂ ಅದರ ಕೊಬ್ಬು ಇತ್ತು. ಒಬ್ಬಟ್ಟು ಬಡಿಸುವ ಹೊತ್ತಿಗೆ ಶೈಲಾಳ ಗಂಡ ವಿಶ್ವಾಸದಿಂದಲೇ ಕೇಳಿದ, "ನಾಗರಾಜ್, ನೆಕ್ಸ್ಟ್ ಏನು ಪ್ಲ್ಯಾನ್?"

ನಾಗರಾಜ ತಟ್ಟೆಯನ್ನು ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. ಅವರು ನಿಜ ಹೇಳಲು ಹೊರಟಿದ್ದಾರೆ ಎಂದು ನನಗೆ ಗೊತ್ತಾಯಿತು. ಇಷ್ಟು ಜನರ ಎದುರಿಗೆ ಹೇಳಿಬಿಟ್ಟರೆ ಅದು ಆಗಿಯೇ ಹೋಗುತ್ತದೆ, ಆಮೇಲೆ ನಾನು ಶನಿವಾರ ಶನಿವಾರ ಮಾರ್ಕೆಟ್ಟಿನಲ್ಲಿ ಇವರ ಪಕ್ಕ ನಿಲ್ಲಬೇಕು. ಹೆದರಿಬಿಟ್ಟೆ. ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತು, ಕಿವಿಯ ಮೇಲೆ ಕೈಯಿಟ್ಟು ರಾಗ ಎಳೆದೆ.

"ಸಾಣೇ... ಕತ್ತಿ ಚೂರಿ ಸಾಣೇ... ಇವರ ನೆಕ್ಸ್ಟ್ ಪ್ಲ್ಯಾನ್ ಅದೇ ಕಣ್ರಪ್ಪ! ಜಪಾನಿಗೆ ಕರ್ಕೊಂಡು ಹೋದ್ರೆ ಗುರುಗಳ ಹತ್ರ ದೀಕ್ಷೆ ತಗೊಂಡು ಬಂದಿದಾರೆ. ರೂಟ್ ಒನ್ನಲ್ಲಿ ಸೈಕಲ್ ತಳ್ಕೊಂಡು ಬರ್ತಾರೆ, ನಿಮ್ಮ ನಿಮ್ಮ ಕತ್ತರಿ ರೆಡಿ ಇಟ್ಕೊಳ್ಳಿ!"

ಮನೆ ಬಿದ್ದುಹೋಗುವ ಹಾಗೆ ನಕ್ಕರು. ಒಬ್ಬರು ಕೆಮ್ಮಿ ನೀರು ಕುಡಿದರು. ಯಾರೋ, "ಅಂಕಲ್, ನಮ್ಮ ಲಾನ್‌ಮೋವರೂ ತರ್ತೀವಿ," ಎಂದರು. ನಾಗರಾಜ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕರು, ಎಲ್ಲರಿಗಿಂತ ಜೋರಾಗಿ. ಎದ್ದು ನಿಂತು ಪೆಡಲ್ ತುಳಿಯುವ ಹಾಗೆ ಕಾಲು ಆಡಿಸಿ ತೋರಿಸಿದರು. ಇನ್ನೂ ನಕ್ಕರು ಜನ.

ನಾನು ಬೇಡ ಎಂದಿದ್ದರೆ ಅವರು ಜಗಳವಾಡುತ್ತಿದ್ದರು. ಎರಡು ದಿನ ಮಾತು ಬಿಡುತ್ತಿದ್ದರು, ಆಮೇಲೆ ಮತ್ತೆ ಕೇಳುತ್ತಿದ್ದರು. ಜಗಳದಲ್ಲಿ ಅವರು ಗೆದ್ದೂ ಬಿಡುತ್ತಿದ್ದರು, ನನ್ನ ಹತ್ತಿರ ಹೇಳಿಕೊಳ್ಳುವಂಥ ಕಾರಣವೇ ಇರಲಿಲ್ಲವಲ್ಲ. ಆದರೆ ಹದಿನೈದು ಜನ ನಕ್ಕ ಮೇಲೆ ಮತ್ತೆ ಅದೇ ಮಾತನ್ನು ಎತ್ತುವುದು ಹೇಗೆ? ಮನೆಗೆ ಬರುವಾಗ ಕಾರಿನಲ್ಲಿ ಅವರು ರೇಡಿಯೋ ಹಾಕಿದರು. ಮರುದಿನ ಗ್ಯಾರೇಜಿಗೆ ಹೋಗಲಿಲ್ಲ. ಸರೋಜಾ ಆಂಟಿ ತಮ್ಮ ನಾದಿನಿಯ ಈಳಿಗೆಗೆಂದು ಫೋನ್ ಮಾಡಿದಾಗ, "ಕಲ್ಲು ಸವೆದುಹೋಗಿದೆ ಆಂಟಿ," ಎಂದರು. ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ, ಅವರಿಗೆ ಮ್ಯಾನ್‌ಹಟನ್ನಿನಲ್ಲಿ ಒಂದು ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅಂದಿನಿಂದ ಇವತ್ತಿನವರೆಗೆ ಬೆಳಿಗ್ಗೆ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತುತ್ತಾರೆ, ಸಂಜೆ ಇಳಿಯುತ್ತಾರೆ. ಕಮ್ಯೂಟ್ ಮಾಡಿ ಮಾಡಿ ಬೆನ್ನು ಬಾಗಿದೆ. ನನ್ನನ್ನು ಒಂದು ದಿನವೂ ಚುಚ್ಚಿ ಮಾತಾಡಿದವರಲ್ಲ. ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೊನ್ನೆ ಆ ಕಟ್ಟಡ ಇಳಿದು ಮನೆಗೆ ಬಂದ ಮೇಲೆ ಮಾಲಿನಿ ಅಡುಗೆಗೆ ಕೈಹಾಕಿದಳು. ಸಂಜೆಯ ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಈಳಿಗೆ ಮಣೆ ಎಳೆದುಕೊಂಡು ಕೂತು, "ಅಕ್ಕಾ, ಇದೇನಿಷ್ಟು ಮೊಂಡಾಗಿದೆ? ಇಲ್ಲಿ ಸಾಣೆ ಹಿಡಿಯೋರೇ ಇಲ್ವಾ?" ಎಂದಳು.

ಸೋಫಾದಿಂದ ನಾಗರಾಜ ಕಿವಿಯ ಮೇಲೆ ಕೈಯಿಟ್ಟುಕೊಂಡರು. "ಸಾಣೇ... ಕತ್ತಿ ಚೂರಿ ಸಾಣೇ..." ನಾನು ಎಳೆದ ರಾಗವೇ, ನಾನು ನಿಲ್ಲಿಸಿದಲ್ಲೇ ನಿಲ್ಲಿಸಿ. "ಗೊತ್ತಾ ಮಾಲಿನಿ, ನಾನು ಜಪಾನಲ್ಲಿ ಗುರುಗಳ ಹತ್ರ ದೀಕ್ಷೆ ತಗೊಂಡು ಬಂದಿದ್ದೆ. ರೂಟ್ ಒನ್ನಲ್ಲಿ ಸೈಕಲ್ ತಳ್ಕೊಂಡು ಹೋಗೋಣ ಅಂತ." ಪೆಡಲ್ ತುಳಿಯುವ ಅಭಿನಯವೂ ಆಯಿತು. ಮಾಲಿನಿಯೂ ಅವಳ ಗಂಡನೂ ಬಿದ್ದು ಬಿದ್ದು ನಕ್ಕರು. "ಭಾವ ಎಷ್ಟು ತಮಾಷೆ ಮಾಡ್ತೀರಪ್ಪ!" ಎಂದಳು. ನಾನು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟೆ. ನನ್ನ ಮಾತುಗಳು ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂದವೆಂದರೆ, ಇದನ್ನು ಅವರು ಆಫೀಸಿನಲ್ಲಿ, ರೈಲಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದಾರೋ ಎನಿಸಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಗ್ಯಾರೇಜಿನ ಮೇಲಿನ ಶೆಲ್ಫಿನಿಂದ ನೀಲಿ ಬಟ್ಟೆಯ ಗಂಟು ಇಳಿಸಿದೆ. ಕಲ್ಲು ಸವೆದಿರಲಿಲ್ಲ. ಪಾತ್ರೆಯಲ್ಲಿ ನೀರು ಹಾಕಿ ಮುಳುಗಿಸಿದೆ. ನಾಲ್ಕು ವರ್ಷ ಒಣಗಿದ ಕಲ್ಲಿನಿಂದ ಗುಳ್ಳೆಗಳು ಏಳುತ್ತಲೇ ಇದ್ದವು. ಒಸಾಕದ ಸಂಜೆಗಳಲ್ಲಿ ಅವರ ಕೈಯಿಂದ ಬರುತ್ತಿದ್ದ ವಾಸನೆ ಅಡುಗೆಮನೆಗೆ ಬಂತು.

ಅವರು ಆಫೀಸಿನ ಚೀಲ ಹಿಡಿದು ಕೆಳಗೆ ಬಂದರು. ಪಾತ್ರೆ ನೋಡಿ ನಿಂತರು.

"ಎಷ್ಟು ಹೊತ್ತಾಯ್ತು ನೆನೆಸಿ?"

"ಅರ್ಧ ಗಂಟೆ ಆಗಿರಬೇಕು."

"ಅಷ್ಟು ಬೇಡ ಅದಕ್ಕೆ," ಎಂದು ತೋಳು ಮಡಿಸಿ ಕಲ್ಲನ್ನು ಹೊರಗೆ ತೆಗೆದರು. ಹೆಬ್ಬೆರಳಿನಿಂದ ಅದರ ಮೈ ಸವರಿದರು.

"ರೀ, ಅವತ್ತು ಮನ್ರೋದಲ್ಲಿ ನಾನು ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು," ಎಂದೆ. ನಾಲ್ಕು ವರ್ಷದಲ್ಲಿ ಮೊದಲ ಸಲ.

ಅವರು ಟವೆಲಿನಲ್ಲಿ ಕಲ್ಲಿನ ಒಂದೊಂದೇ ಮುಖ ಒರೆಸಿ, ಅದನ್ನು ಈಳಿಗೆಯ ಪಕ್ಕದಲ್ಲಿ ಒಣಗಲು ಇಟ್ಟರು. "ನಿನ್ನದೇನು ಬಿಡು, ನೀನು ಯಾವಾಗ್ಲೂ ತಮಾಷೆ ಮಾಡೋಳೇ," ಎಂದರು. "ನಾನು ನಗಬಾರದಿತ್ತು." ಗಡಿಯಾರ ನೋಡಿ, ಚೀಲ ಎತ್ತಿಕೊಂಡು, ಹೊರಟರು. ಗ್ಯಾರೇಜಿನ ಬಾಗಿಲು ಮೇಲೆದ್ದು ಇಳಿದ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಮಾಲಿನಿ ಕಾಫಿಗೆಂದು ಇಳಿದು ಬಂದಳು. "ಇದೇನಕ್ಕಾ ಕಲ್ಲು?"

"ನಿಮ್ಮ ಭಾವನ ಸಾಣೆಕಲ್ಲು ಕಣೇ. ಒಸಾಕದಲ್ಲಿ ಕಲಿತ್ರು. ತುಂಬಾ ಚೆನ್ನಾಗಿ ಹಿಡೀತಾರೆ."

ಅವಳು ನಗಲು ಸಿದ್ಧಳಾಗಿ, ಮುಂದಿನ ತಮಾಷೆಗಾಗಿ ನನ್ನ ಮುಖ ನೋಡಿದಳು. ನಾನು ಏನೂ ಸೇರಿಸಲಿಲ್ಲ. ಅವತ್ತು ಒಬ್ಬಟ್ಟಿನ ಹೊತ್ತಿಗೆ ಹೇಳಬೇಕಿದ್ದದ್ದೂ ಇಷ್ಟೇ ಮಾತು. ಅದನ್ನು ಕೇಳಬೇಕಾದವರ ರೈಲು ಆ ಹೊತ್ತಿಗೆ ಹೊರಟಾಗಿತ್ತು.